ನ್ಯೂಜೀನ್ಸ್ ತೀರ್ಪು ಮತ್ತು ಕೆ-ಪಾಪ್‌ನ ಏಳು ವರ್ಷದ ಕರಾರು

ದಕ್ಷಿಣ ಕೊರಿಯಾದ ನ್ಯೂಜೀನ್ಸ್ ಎಂಬ ಗಾಯನ ಗುಂಪಿನ ಐವರು ಹುಡುಗಿಯರು 2024ರ ನವೆಂಬರ್ 28ರ ರಾತ್ರಿ ಪತ್ರಿಕಾಗೋಷ್ಠಿ ಕರೆದರು. ತಮ್ಮ ಕಂಪನಿ ಅಡೋರ್ ಜೊತೆಗಿನ ಕರಾರು ಅಂದು ಮಧ್ಯರಾತ್ರಿಗೆ ಮುಗಿಯುತ್ತದೆ ಎಂದು ತಾವೇ ಘೋಷಿಸಿದರು. ಹನ್ನೊಂದು ತಿಂಗಳ ನಂತರ, 2025ರ ಅಕ್ಟೋಬರ್ 30ರಂದು, ಸೋಲ್ ಕೇಂದ್ರ ಜಿಲ್ಲಾ ನ್ಯಾಯಾಲಯ ಹೇಳಿದ್ದು ಬೇರೆ. ಕರಾರು ಮುಗಿದಿಲ್ಲ, 2029ರ ಜುಲೈ 31ರವರೆಗೂ ಅದು ಊರ್ಜಿತ. ಎರಡು ವಾರದಲ್ಲಿ ಹೇರಿನ್ ಮತ್ತು ಹೇಯಿನ್ ಕಂಪನಿಗೆ ಮರಳಿದರು. ಅದೇ ದಿನ ಉಳಿದ ಮೂವರೂ ಮರಳುವುದಾಗಿ ತಿಳಿಸಿದರು. ಆದರೆ ಡಿಸೆಂಬರ್ 29ರಂದು ಅಡೋರ್ ಪ್ರಕಟಿಸಿದ ತೀರ್ಮಾನದ ಪ್ರಕಾರ ಹ್ಯಾನಿ ಒಳಗೆ, ಮಿಂಜಿ ಜೊತೆ ಮಾತುಕತೆ ಜಾರಿಯಲ್ಲಿ, ಡೇನಿಯಲ್ ಹೊರಗೆ. ಹೊರಗೆ ಹಾಕಿದ್ದಷ್ಟೇ ಅಲ್ಲ, ಡೇನಿಯಲ್, ಅವರ ಕುಟುಂಬದ ಒಬ್ಬರು ಮತ್ತು ಅಡೋರ್‌ನ ಹಿಂದಿನ ಮುಖ್ಯಸ್ಥೆ ಮಿನ್ ಹೀ-ಜಿನ್ ಮೇಲೆ ಸುಮಾರು 4,300 ಕೋಟಿ ವಾನ್ ಪರಿಹಾರದ ದಾವೆಯನ್ನೂ ಕಂಪನಿ ಹೂಡಿತು.

ದೂರದಿಂದ ನೋಡುವವರಿಗೆ ಇದು ಗೋಜಲು. ಹೋಗುತ್ತೇವೆ ಎಂದವರಿಗೆ ಹೋಗುವಂತಿಲ್ಲ ಎಂದು ಕೋರ್ಟ್ ಹೇಳುತ್ತದೆ. ಬರುತ್ತೇನೆ ಎಂದವರಲ್ಲಿ ಒಬ್ಬರನ್ನು ಕಂಪನಿ ಬೇಡವೆನ್ನುತ್ತದೆ. ಇದರ ನಡುವೆ, 2024ರ ನವೆಂಬರ್‌ನಲ್ಲಿ ಕೊರಿಯಾದ ಕಾರ್ಮಿಕ ಸಚಿವಾಲಯ, ಕೆಲಸದ ಸ್ಥಳದ ಕಿರುಕುಳದ ಕುರಿತು ಹ್ಯಾನಿ ಪರವಾಗಿ ಬಂದ ದೂರಿನ ಕಡತವನ್ನು ಮುಚ್ಚುತ್ತಾ, ಐಡಲ್‌ಗಳು, ಅಂದರೆ ಕಂಪನಿಗಳು ತರಬೇತಿ ಕೊಟ್ಟು ಹೊರತರುವ ಪಾಪ್ ತಾರೆಯರು, ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಅಲ್ಲ ಎಂದಿತ್ತು. ಕಾರ್ಮಿಕರಲ್ಲದವರು ಕೆಲಸ ಬಿಡಲು ಯಾಕೆ ಆಗುವುದಿಲ್ಲ?

ಮೂರಕ್ಕೂ ಬೇರು ಒಂದೇ. ಕೆ-ಪಾಪ್ ಎಂಬ ಕೊರಿಯಾದ ಪಾಪ್ ಸಂಗೀತೋದ್ಯಮ ನಿಂತಿರುವುದು ಒಂದು ಬಗೆಯ ದೀರ್ಘಾವಧಿ ಕರಾರಿನ ಮೇಲೆ. ಹಾಡು, ನೃತ್ಯ, ಅಭಿಮಾನಿ ಪಡೆ ಎಲ್ಲವೂ ಅದರ ಮೇಲೆ ಕಟ್ಟಿದ ಮಹಡಿಗಳು. ಗುಂಪುಗಳ ಏಳಿಗೆಯ ಕಥೆಯನ್ನು ಕರಾರಿನ ಕಥೆಯಾಗಿ ಓದಿದರೆ ಈ ಸುದ್ದಿ ಅರ್ಥವಾಗುತ್ತದೆ.

ಜಗಳ ಶುರುವಾದದ್ದು

ಅಡೋರ್ ಸ್ವತಂತ್ರ ಕಂಪನಿಯಲ್ಲ. ಬಿಟಿಎಸ್ ಗುಂಪನ್ನು ಬೆಳೆಸಿದ ಹೈಬ್ ಎಂಬ ದೊಡ್ಡ ಸಂಸ್ಥೆ 2021ರಲ್ಲಿ ತೆರೆದ ಲೇಬಲ್ ಅದು. ಶೇ 80ರಷ್ಟು ಷೇರು ಹೈಬ್‌ನದು, ಶೇ 18 ಮಿನ್ ಹೀ-ಜಿನ್ ಅವರದು. 2022ರ ಜುಲೈನಲ್ಲಿ ಬಂದ ನ್ಯೂಜೀನ್ಸ್ ಗುಂಪಿನ ಉಡುಪು, ದೃಶ್ಯ, ಹಾಡಿನ ಧಾಟಿ ಎಲ್ಲಕ್ಕೂ ರೂಪ ಕೊಟ್ಟವರು ಮಿನ್. ಎರಡು ವರ್ಷ ತುಂಬುವ ಮೊದಲೇ ಆ ಹುಡುಗಿಯರು ಟೋಕಿಯೋ ಡೋಮ್‌ನ ವೇದಿಕೆ ಹತ್ತಿದ್ದರು.

2024ರ ಏಪ್ರಿಲ್‌ನಲ್ಲಿ ಹೈಬ್, ಮಿನ್ ಲೇಬಲನ್ನೇ ಕಸಿದುಕೊಳ್ಳಲು ಯೋಜನೆ ಹಾಕಿದ್ದಾರೆಂದು ಆರೋಪಿಸಿ ಲೆಕ್ಕಪರಿಶೋಧನೆ ಶುರುಮಾಡಿತು. ಹೈಬ್‌ನ ಇನ್ನೊಂದು ಲೇಬಲ್ ತನ್ನ ಹೊಸ ಗುಂಪಿಗೆ ನ್ಯೂಜೀನ್ಸ್‌ನ ಶೈಲಿಯನ್ನೇ ನಕಲು ಮಾಡಿದೆ, ಅದನ್ನು ಪ್ರಶ್ನಿಸಿದ್ದಕ್ಕೆ ತನ್ನ ಮೇಲೆ ಈ ದಾಳಿ ಎಂದು ಮಿನ್ ತಿರುಗಿಬಿದ್ದರು. ಮೇ ಕೊನೆಯಲ್ಲಿ ನ್ಯಾಯಾಲಯ, ಮಿನ್ ಅವರನ್ನು ವಜಾ ಮಾಡಲು ಹೈಬ್ ತನ್ನ ಮತ ಬಳಸದಂತೆ ತಡೆಯಿತು. ಆದರೂ ಆಗಸ್ಟ್‌ನಲ್ಲಿ ಅಡೋರ್‌ನ ಆಡಳಿತ ಮಂಡಳಿ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿತು. ಸೆಪ್ಟೆಂಬರ್‌ನಲ್ಲಿ ಐವರೂ ಯೂಟ್ಯೂಬ್ ನೇರಪ್ರಸಾರಕ್ಕೆ ಬಂದು ಮಿನ್ ವಾಪಸು ಬರಬೇಕೆಂದು ಗಡುವು ಕೊಟ್ಟರು. ಅಕ್ಟೋಬರ್‌ನಲ್ಲಿ ಹ್ಯಾನಿ ಕೊರಿಯಾದ ಸಂಸತ್ತಿನ ಸಮಿತಿಯ ಮುಂದೆ ಕಣ್ಣೀರಿಟ್ಟರು. ನವೆಂಬರ್‌ನಲ್ಲಿ ಮಿನ್ ಕಂಪನಿ ತೊರೆದರು, ಎಂಟು ದಿನಗಳ ನಂತರ ಐವರೂ ಹೊರನಡೆಯುವುದಾಗಿ ಘೋಷಿಸಿದರು.

ಐವರೂ ನ್ಯಾಯಾಲಯಕ್ಕೆ ಹೋಗದೆಯೇ ಕರಾರು ಮುಗಿಯಿತೆಂದು ಸಾರಿದ್ದು ಕೊರಿಯಾದಲ್ಲಿ ಅಪರೂಪದ ನಡೆ. ಅವರಿಗಿಂತ ಮೊದಲು ಕಂಪನಿ ಬಿಡಲು ಹೊರಟವರು ಸಾಮಾನ್ಯವಾಗಿ ಮೊದಲು ತಡೆಯಾಜ್ಞೆ ಕೇಳುತ್ತಿದ್ದರು. ಇಲ್ಲಿ ತಡೆಯಾಜ್ಞೆ ಕೇಳಿದ್ದು ಕಂಪನಿ. 2025ರ ಫೆಬ್ರುವರಿಯಲ್ಲಿ ಗುಂಪು ಎನ್‌ಜೆಝಡ್ ಎಂಬ ಹೊಸ ಹೆಸರಿಟ್ಟುಕೊಂಡಿತು, ಹಳೆಯ ಹೆಸರು ಕಂಪನಿಯ ಸ್ವತ್ತಾಗಿದ್ದರಿಂದ. ಮಾರ್ಚ್ 21ರಂದು ತಡೆಯಾಜ್ಞೆ ಬಂತು. ಎರಡು ದಿನಗಳ ನಂತರ ಹಾಂಗ್‌ಕಾಂಗ್‌ನಲ್ಲಿ ಹಾಡಿ, ಅದೇ ವೇದಿಕೆಯಲ್ಲಿ ಚಟುವಟಿಕೆ ನಿಲ್ಲಿಸುವುದಾಗಿ ಹೇಳಿದರು. ಮೇನಲ್ಲಿ ನ್ಯಾಯಾಲಯ ದಂಡವನ್ನೂ ಗೊತ್ತುಮಾಡಿತು. ಅಡೋರ್ ಒಪ್ಪಿಗೆಯಿಲ್ಲದೆ ನಡೆಸುವ ಪ್ರತಿ ಚಟುವಟಿಕೆಗೆ ತಲಾ 100 ಕೋಟಿ ವಾನ್, ಅಂದರೆ ಒಬ್ಬೊಬ್ಬರಿಗೆ ಅಂದಾಜು ಆರು ಕೋಟಿ ರೂಪಾಯಿ. ಅಲ್ಲಿಗೆ ಮುಂದಿನ ದಾರಿ ಮುಚ್ಚಿತು.

ಟ್ರೈನಿ ಪದ್ಧತಿ ಹುಟ್ಟಿದ ಬಗೆ

ಕೊರಿಯಾದ ಮನರಂಜನಾ ಏಜೆನ್ಸಿಗಳ ಮೊದಲ ಪಾಠಶಾಲೆ ಅಮೆರಿಕದ ಸೇನಾ ಶಿಬಿರಗಳು. ಕೊರಿಯಾ ಯುದ್ಧ ನಿಂತ ನಂತರ ಅಲ್ಲಿನ ಸೈನಿಕರಿಗಾಗಿ ಹಾಡುವವರನ್ನು ಆಡಿಷನ್ ಮಾಡಿ, ದರ್ಜೆ ಕೊಟ್ಟು, ಏಜೆಂಟರು ಕಳಿಸುತ್ತಿದ್ದರು. ಅಲ್ಲಿ ಪಳಗಿದ ಕಿಮ್ ಸಿಸ್ಟರ್ಸ್ ಎಂಬ ಮೂವರು 1959ರಲ್ಲೇ ಲಾಸ್ ವೇಗಸ್ ತಲುಪಿದ್ದರು. ಆದರೆ 1970ರ ದಶಕದ ಮಿಲಿಟರಿ ಆಡಳಿತ ರಾಕ್ ಸಂಗೀತದ ಬೆನ್ನು ಮುರಿಯಿತು, ಹಾಡುಗಳ ಮೇಲೆ ಕತ್ತರಿ ಆಡಿಸಿತು. ಪೂರ್ವ ಸೆನ್ಸಾರ್ ಪೂರ್ತಿ ಹೋದದ್ದು 1996ರಲ್ಲಿ.

ಅದಕ್ಕೂ ನಾಲ್ಕು ವರ್ಷ ಮೊದಲು, 1992ರಲ್ಲಿ, ಸಿಯೋ ತೈಜಿ ಅಂಡ್ ಬಾಯ್ಸ್ ಎಂಬ ಮೂವರು ಟಿವಿ ಕಾರ್ಯಕ್ರಮವೊಂದರಲ್ಲಿ ರ‍್ಯಾಪ್ ಬೆರೆಸಿ ಹಾಡಿದ್ದರು. ತೀರ್ಪುಗಾರರು ಕೊಟ್ಟದ್ದು ಅತಿ ಕಡಿಮೆ ಅಂಕ. ಹದಿಹರೆಯದವರು ಕೊಟ್ಟದ್ದು ಮೊದಲ ಸ್ಥಾನ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲೂ ಹಣವಿದೆ, ಆಯ್ಕೆಯೂ ಇದೆ ಎಂದು ಉದ್ಯಮಕ್ಕೆ ತಿಳಿದದ್ದು ಆಗ.

ಆ ತಿಳಿವಳಿಕೆಯನ್ನು ಕಾರ್ಖಾನೆಯಾಗಿಸಿದವರು ಲೀ ಸೂ-ಮಾನ್. 1970ರ ದಶಕದಲ್ಲಿ ಸ್ವತಃ ಗಾಯಕರಾಗಿದ್ದ ಅವರು ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಎಂಟಿವಿಯ ಹುಚ್ಚನ್ನು ಕಂಡು ಬಂದಿದ್ದರು. ಅವರು ಬೆಳೆಸಿದ ಮೊದಲ ದೊಡ್ಡ ತಾರೆ 1993ರಲ್ಲಿ ಮಾದಕವಸ್ತು ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಹೂಡಿದ್ದೆಲ್ಲ ನೆಲಕಚ್ಚಿತು. ಬೆಳೆದುನಿಂತ ಪ್ರತಿಭೆಯನ್ನು ನಂಬಿದರೆ ಅಪಾಯ, ಚಿಕ್ಕ ವಯಸ್ಸಿನಲ್ಲೇ ಆರಿಸಿ, ಹಾಡು, ಕುಣಿತ, ಮಾತು, ನಡತೆ ಎಲ್ಲವನ್ನೂ ಕಂಪನಿಯೇ ಕಲಿಸಿ ಹೊರತರಬೇಕು ಎಂಬ ಹೊಸ ಪದ್ಧತಿಗೆ ಆ ಪೆಟ್ಟೂ ಒಂದು ಕಾರಣ. ಜಪಾನಿನ ಬಾಲಕರ ಗುಂಪುಗಳ ಮಾದರಿಯೂ ಕಣ್ಣ ಮುಂದಿತ್ತು. 1995ರಲ್ಲಿ ಅವರ ಎಸ್‌ಎಂ ಎಂಟರ್‌ಟೇನ್‌ಮೆಂಟ್ ಸ್ಥಾಪನೆಯಾಯಿತು. 1996ರಲ್ಲಿ ಐವರು ಹುಡುಗರ ಎಚ್‌ಒಟಿ ಬಂತು. ಸಿಯೋ ತೈಜಿಯ ಜೊತೆಗಾರ ಯಾಂಗ್ ಹ್ಯುನ್-ಸುಕ್ ವೈಜಿ ಕಟ್ಟಿದರು, ಗಾಯಕ ಪಾರ್ಕ್ ಜಿನ್-ಯಂಗ್ ಜೆವೈಪಿ ಕಟ್ಟಿದರು. ಇಂದಿಗೂ ಉದ್ಯಮದ ಕಂಬಗಳು ಇವೇ, ನಂತರ ಸೇರಿದ್ದು ಹೈಬ್.

ಎಚ್‌ಒಟಿ ಮೊದಲ ಐಡಲ್ ಗುಂಪು ಮಾತ್ರವಲ್ಲ, ಕರಾರಿನ ವಿಷಯಕ್ಕೆ ಒಡೆದ ಮೊದಲ ದೊಡ್ಡ ಗುಂಪೂ ಹೌದು. 2001ರಲ್ಲಿ ನವೀಕರಣದ ಹೊತ್ತಿಗೆ ಮೂವರು ಬೇರೆ ಕಂಪನಿಗೆ ಹೋದರು. 2018ರಲ್ಲಿ ಐವರೂ ಮತ್ತೆ ಒಂದೇ ವೇದಿಕೆಗೆ ಬಂದಾಗ, ಹೆಸರಿನ ಟ್ರೇಡ್‌ಮಾರ್ಕ್ ಬೇರೊಬ್ಬರ ಕೈಯಲ್ಲಿದ್ದ ಕಾರಣ ಆ ಮೂರಕ್ಷರದ ಹೆಸರನ್ನು ಹಾಕುವಂತಿರಲಿಲ್ಲ. ಅದರ ಪೂರ್ತಿ ರೂಪವನ್ನು ಬರೆದುಕೊಂಡು ಹಾಡಿದರು.

ಸಣ್ಣ ಮಾರುಕಟ್ಟೆಯ ಒತ್ತಡ

ಸರ್ಕಾರ ದುಡ್ಡು ಸುರಿದದ್ದರಿಂದ ಕೆ-ಪಾಪ್ ಬೆಳೆಯಿತು ಎಂಬ ವಿವರಣೆ ನಮ್ಮಲ್ಲೂ ಓಡಾಡುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. 1997ರ ಆರ್ಥಿಕ ಕುಸಿತದ ನಂತರ ಕಿಮ್ ದೇ-ಜುಂಗ್ ಸರ್ಕಾರ ಸಂಸ್ಕೃತಿಯನ್ನು ರಫ್ತು ಉದ್ಯಮವೆಂದು ಪರಿಗಣಿಸಿತು, 1999ರಲ್ಲಿ ಅದಕ್ಕೊಂದು ಕಾನೂನನ್ನೂ ತಂದಿತು. ವೇಗದ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬಂತು. ಆದರೆ ಹುಡುಗ ಹುಡುಗಿಯರನ್ನು ವರ್ಷಗಟ್ಟಲೆ ಸಾಕಿ ಕಲಿಸಿದ್ದು ಖಾಸಗಿ ಹಣ.

ಆ ಹಣದ ಲೆಕ್ಕ ಹೀಗಿದೆ. ಒಬ್ಬ ಟ್ರೈನಿಗೆ ವಸತಿ, ಊಟ, ಹಾಡು, ನೃತ್ಯ, ಭಾಷೆಯ ಪಾಠ, ಎಲ್ಲವೂ ಕಂಪನಿಯ ಖರ್ಚು. ಹೆಚ್ಚಿನವರು ವೇದಿಕೆ ಹತ್ತುವುದೇ ಇಲ್ಲ. ಹತ್ತಿದ ಗುಂಪುಗಳಲ್ಲೂ ಬಹುಪಾಲು ಒಂದೆರಡು ವರ್ಷದಲ್ಲಿ ಮರೆಯಾಗುತ್ತವೆ. ಹಾಗಾಗಿ ಗೆದ್ದ ಒಂದು ಗುಂಪಿನ ಗಳಿಕೆ, ಸೋತ ಹತ್ತರ ಖರ್ಚನ್ನೂ ತುಂಬಬೇಕು. ಅದಕ್ಕೆ ಸಮಯ ಬೇಕು. ಸಮಯಕ್ಕಾಗಿ ದೀರ್ಘ ಕರಾರು ಬೇಕು. ಬ್ಯಾಂಕಿನ ಸಾಲಕ್ಕೆ ಅಡಮಾನವಿದ್ದಂತೆ ಇಲ್ಲಿ ಕಲಾವಿದರ ಮುಂದಿನ ವರ್ಷಗಳೇ ಅಡಮಾನ.

ಐದು ಕೋಟಿ ಚಿಲ್ಲರೆ ಜನರ ದೇಶದಲ್ಲಿ ಈ ಖರ್ಚು ಹುಟ್ಟುವುದಿಲ್ಲ. ಕರ್ನಾಟಕಕ್ಕಿಂತ ಕಡಿಮೆ ಜನಸಂಖ್ಯೆ ಅದು. ಆದ್ದರಿಂದ ಮೊದಲ ದಿನದಿಂದಲೇ ಹೊರದೇಶದ ಕಿವಿಯನ್ನು ಗಮನದಲ್ಲಿಟ್ಟುಕೊಂಡು ಹಾಡು ಕಟ್ಟಬೇಕಾಯಿತು. ಯುರೋಪಿನ, ಮುಖ್ಯವಾಗಿ ಸ್ಕ್ಯಾಂಡಿನೇವಿಯಾ ಕಡೆಯ ಸಂಯೋಜಕರನ್ನು ಕೂಡಿಸಿಕೊಂಡು ರಾಗ ಬರೆಸುವ ಅಭ್ಯಾಸ ಬಂದದ್ದು ಹೀಗೆ. ಹನ್ನೊಂದು-ಹನ್ನೆರಡರ ವಯಸ್ಸಿಗೆ ಆಯ್ಕೆಯಾದ ಬೋಅ ಎಂಬ ಹುಡುಗಿಗೆ ಜಪಾನಿ ಭಾಷೆ ಕಲಿಸಿ, 2002ರಲ್ಲಿ ಜಪಾನಿನ ಓರಿಕಾನ್ ಎಂಬ ಆಲ್ಬಮ್ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೆ ತಂದದ್ದೂ ಇದೇ ಲೆಕ್ಕದಿಂದ. ಚೀನಾ ಇನ್ನೊಂದು ದೊಡ್ಡ ಸಂತೆಯಾಗಿತ್ತು. ಅಮೆರಿಕದ ಥಾಡ್ ಕ್ಷಿಪಣಿ ತಡೆ ವ್ಯವಸ್ಥೆಗೆ ಕೊರಿಯಾ 2016ರಲ್ಲಿ ಒಪ್ಪಿದಾಗ ಚೀನಾ ಆ ಬಾಗಿಲು ಮುಚ್ಚಿತು. ಕಂಪನಿಗಳು ಇನ್ನಷ್ಟು ಒತ್ತಾಯದಿಂದ ಅಮೆರಿಕದ ಕಡೆ ತಿರುಗಿದವು.

ಆಲ್ಬಮ್ ಒಳಗೆ ಯಾರ ಫೋಟೋಕಾರ್ಡ್ ಬರುತ್ತದೋ ತಿಳಿಯದೆ ಅಭಿಮಾನಿ ಒಂದೇ ಸಿಡಿಯ ಹತ್ತು ಪ್ರತಿ ಕೊಳ್ಳುವುದು, ಫ್ಯಾನ್‌ಸೈನ್, ಅಂದರೆ ತಾರೆಯನ್ನು ಭೇಟಿಯಾಗಿ ಸಹಿ ಪಡೆಯುವ ಅವಕಾಶಕ್ಕಾಗಿ ಇನ್ನೂ ಹತ್ತು ಕೊಳ್ಳುವುದು ಇವೆಲ್ಲ ಇದೇ ಒತ್ತಡದ ಮರಿಗಳು. 2023ರಲ್ಲಿ ಕೊರಿಯಾದ ಆಲ್ಬಮ್ ಮಾರಾಟ 10 ಕೋಟಿ ಪ್ರತಿ ದಾಟಿತು, ಮರುವರ್ಷ ಇಳಿಯಿತು. ಕೇಳುಗರ ಸಂಖ್ಯೆಗಿಂತ ಒಬ್ಬ ಕೇಳುಗ ಎಷ್ಟು ಪ್ರತಿ ಕೊಳ್ಳುತ್ತಾನೆ ಎಂಬುದನ್ನು ನೆಚ್ಚಿಕೊಂಡ ವ್ಯಾಪಾರಕ್ಕೆ ಎಲ್ಲೋ ಒಂದು ಮಿತಿ ಇದ್ದೇ ಇದೆ.

13 ವರ್ಷದಿಂದ 7 ವರ್ಷಕ್ಕೆ

2009ರ ಜುಲೈ 31ರಂದು, ಏಷ್ಯಾದಾದ್ಯಂತ ಹೆಸರಾಗಿದ್ದ ಟಿವಿಎಕ್ಸ್‌ಕ್ಯೂ ಗುಂಪಿನ ಐವರಲ್ಲಿ ಮೂವರು ಎಸ್‌ಎಂ ವಿರುದ್ಧ ಕೋರ್ಟಿಗೆ ಹೋದರು. ಅವರ ಕರಾರಿನ ಅವಧಿ 13 ವರ್ಷ. ಗಂಡುಮಕ್ಕಳಿಗೆ ಕಡ್ಡಾಯವಾದ ಸೇನಾ ಸೇವೆಯ ಕಾಲ ಅದರ ಹೊರಗೆ. ಯೌವನವೇ ಬಂಡವಾಳವಾಗಿರುವ ಕಸುಬಿನಲ್ಲಿ 13 ವರ್ಷವೆಂದರೆ ಇಡೀ ವೃತ್ತಿಜೀವನ. ಅಕ್ಟೋಬರ್‌ನಲ್ಲಿ ನ್ಯಾಯಾಲಯ ಮೂವರ ಕಡೆ ಭಾಗಶಃ ತೀರ್ಪು ಕೊಟ್ಟಿತು, ಅವರು ಸ್ವತಂತ್ರವಾಗಿ ಹಾಡಲು ಕಂಪನಿ ಅಡ್ಡಿ ಮಾಡಬಾರದೆಂದಿತು. ಕೊರಿಯಾದ ಪತ್ರಿಕೆಗಳು ಇಂಥದ್ದನ್ನು ಗುಲಾಮಿ ಕರಾರು ಎಂದು ಕರೆದವು.

ಅದೇ ವರ್ಷ ಕೊರಿಯಾದ ಫೇರ್ ಟ್ರೇಡ್ ಕಮಿಷನ್ ಎಂಬ ವ್ಯಾಪಾರ ನಿಯಂತ್ರಣ ಸಂಸ್ಥೆ ಮಾದರಿ ಕರಾರೊಂದನ್ನು ಹೊರಡಿಸಿತು. ಅದರ ಮುಖ್ಯ ಅಂಶ ಏಳು ವರ್ಷದ ಮಿತಿ. ಏಳು ತುಂಬಿದ ಮೇಲೆ ಕಲಾವಿದರು ಬಿಡುವ ಹಕ್ಕು ಪಡೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1944ರಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ವಾರ್ನರ್ ಬ್ರದರ್ಸ್ ವಿರುದ್ಧ ಗೆದ್ದಾಗ ಗಟ್ಟಿಯಾದದ್ದೂ ಏಳೇ ವರ್ಷದ ಮಿತಿ. ಕೊರಿಯಾದ ಅಭಿಮಾನಿಗಳು ಏಳನೇ ವರ್ಷವನ್ನು ಶಾಪವೆಂಬಂತೆ ಎಣಿಸುವುದು, ಎಷ್ಟೋ ಗುಂಪುಗಳು ಸರಿಯಾಗಿ ಆಗಲೇ ಚದುರುವುದು ಈ ಮಿತಿಯ ನೇರ ಪರಿಣಾಮ. ಚೌಕಾಸಿ ಮಾಡುವ ಶಕ್ತಿ ಕಲಾವಿದರಿಗೆ ಬರುವುದೂ ಆಗಲೇ. ಬ್ಲ್ಯಾಕ್‌ಪಿಂಕ್‌ನ ನಾಲ್ವರು 2023ರ ಕೊನೆಯಲ್ಲಿ ಗುಂಪಿನ ಕೆಲಸಕ್ಕಷ್ಟೇ ವೈಜಿ ಜೊತೆ ಸಹಿ ಹಾಕಿ, ಒಂಟಿ ಕೆಲಸಕ್ಕೆ ತಂತಮ್ಮ ದಾರಿ ಹಿಡಿದರು. ಗಾಟ್‌ಸೆವೆನ್ 2021ರಲ್ಲಿ ಜೆವೈಪಿಯಿಂದ ಹೊರಬಂದು ಹೆಸರನ್ನೂ ಜೊತೆಗೆ ಪಡೆಯಿತು.

ನ್ಯೂಜೀನ್ಸ್ 2022ರ ಜುಲೈನಲ್ಲಿ ಬಂತು, ಕರಾರು 2029ರ ಜುಲೈ ಕೊನೆಗೆ. ಅಂದರೆ ಅವರ ಮೇಲಿರುವುದು ಗುಲಾಮಿ ಕರಾರಲ್ಲ, ಅದನ್ನು ತಡೆಯಲೆಂದೇ ಬಂದ ಸುಧಾರಿತ ಕರಾರು. ನ್ಯಾಯಾಲಯ ಕಂಪನಿಯ ಪರ ನಿಂತದ್ದನ್ನು ಅರ್ಥಮಾಡಿಕೊಳ್ಳಲು ಈ ಒಂದು ಸಂಗತಿ ತಿಳಿದಿರಲೇಬೇಕು. ಸುಧಾರಣೆಯಾದ ಕಾರಣಕ್ಕೇ ಈ ಕರಾರನ್ನು ಮುರಿಯುವುದು ಹಿಂದಿಗಿಂತ ಕಷ್ಟ.

ಬಿಟಿಎಸ್ ನಂತರ ಬದಲಾದ ಕಂಪನಿ

2012ರಲ್ಲಿ ಸೈ ಎಂಬ ಗಾಯಕನ ವಿಡಿಯೋ ಯೂಟ್ಯೂಬಿನಲ್ಲಿ 100 ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೋ ಆಯಿತು. ಅದು ದಾರಿ ತೋರಿತು, ಆದರೆ ಆತ ಐಡಲ್ ಪದ್ಧತಿಯ ಕೂಸಲ್ಲ. ಪದ್ಧತಿಯನ್ನು ಅಮೆರಿಕದ ಶಿಖರಕ್ಕೆ ಒಯ್ದವರು 2013ರಲ್ಲಿ ಬಿಗ್ ಹಿಟ್ ಎಂಬ ಸಣ್ಣ ಕಂಪನಿಯಿಂದ ಬಂದ ಬಿಟಿಎಸ್‌ನ ಏಳು ಹುಡುಗರು. ಟಿವಿ ವಾಹಿನಿಗಳ ಮೇಲೆ ಹಿಡಿತವಿಲ್ಲದ ಕಂಪನಿಗೆ ಇಂಟರ್‌ನೆಟ್ಟೇ ಗತಿಯಾಗಿತ್ತು. ಹುಡುಗರು ನೇರವಾಗಿ ಅಭಿಮಾನಿಗಳ ಜೊತೆ ಮಾತಾಡಿದರು, ತಮ್ಮ ಹಾಡುಗಳ ರಚನೆಯಲ್ಲಿ ಕೈ ಹಾಕಿದರು. 2018ರ ಮೇನಲ್ಲಿ ಅವರ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೆ, 2020ರಲ್ಲಿ ಹಾಡು ಸಿಂಗಲ್ಸ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು.

2020ರ ಅಕ್ಟೋಬರ್‌ನಲ್ಲಿ ಬಿಗ್ ಹಿಟ್ ಷೇರು ಮಾರುಕಟ್ಟೆಗೆ ಇಳಿಯಿತು. ಆ ವರ್ಷದ ಮೊದಲ ಆರು ತಿಂಗಳ ಆದಾಯದಲ್ಲಿ ಶೇ 87ಕ್ಕಿಂತ ಹೆಚ್ಚು ಬಿಟಿಎಸ್ ಒಂದರಿಂದಲೇ ಬಂದಿತ್ತು. ಆ ಏಳೂ ಹುಡುಗರು ಸೇನೆಗೆ ಹೋಗಲೇಬೇಕಿತ್ತು, ಹೂಡಿಕೆದಾರರಿಗೆ ಆ ಭಯ ಇದ್ದೇ ಇತ್ತು. ಅದಕ್ಕೆ ಉತ್ತರವಾಗಿ ಕಂಪನಿ ಬೇರೆ ಏಜೆನ್ಸಿಗಳನ್ನು ಕೊಂಡಿತು, ಹೈಬ್ ಎಂದು ಹೆಸರು ಬದಲಿಸಿತು, ಒಂದೇ ಛಾವಣಿಯಡಿ ಹಲವು ಲೇಬಲ್‌ಗಳನ್ನಿಟ್ಟಿತು. ಅಡೋರ್ ಹುಟ್ಟಿದ್ದು ಆ ಯೋಜನೆಯಲ್ಲಿ. ಲೇಬಲ್‌ಗಳು ಒಂದಕ್ಕೊಂದು ಪೈಪೋಟಿ ಮಾಡಬೇಕು, ಲಾಭ ಮೇಲಿನ ಮನೆಗೆ ಸೇರಬೇಕು. ಪೈಪೋಟಿ ಮಾಡುವ ಎರಡು ಲೇಬಲ್‌ಗಳ ಶೈಲಿ ಒಂದೇ ಆದಾಗ ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದಕ್ಕೆ ಈ ಏರ್ಪಾಡಿನಲ್ಲಿ ನೆಲೆಯಾದ ಉತ್ತರವಿರಲಿಲ್ಲ. 2024ರ ಜಗಳ ಅಲ್ಲಿಂದ ಹೊತ್ತಿಕೊಂಡಿತು.

ಎರಡು ಕಡೆಯ ವಾದ

ಗುಂಪಿನ ವಾದದ ತಿರುಳು ನಂಬಿಕೆ. ಕೊರಿಯಾದ ನ್ಯಾಯಾಲಯಗಳು ಇಂಥ ಕರಾರುಗಳಲ್ಲಿ ಪರಸ್ಪರ ನಂಬಿಕೆಯನ್ನು ಅಡಿಪಾಯವೆಂದು ಒಪ್ಪುತ್ತವೆ. ಅದು ಪೂರ್ತಿ ಕುಸಿದರೆ ಕರಾರು ಮುಂದುವರಿಯಬೇಕಿಲ್ಲ. ನಮ್ಮನ್ನು ರೂಪಿಸಿದ ಮಿನ್ ಅವರನ್ನು ತೆಗೆದುಹಾಕಿದಿರಿ, ನಮ್ಮ ಶೈಲಿ ನಕಲಾದಾಗ ಸುಮ್ಮನಿದ್ದಿರಿ, ಬೇರೆ ಲೇಬಲ್ಲಿನ ಮ್ಯಾನೇಜರ್ ನನ್ನನ್ನು ಕಡೆಗಣಿಸಲು ಹೇಳಿದಾಗ ರಕ್ಷಿಸಲಿಲ್ಲ ಎಂಬುದು ಅವರ ದೂರಿನ ಪಟ್ಟಿ. ಕೊನೆಯದು ಹ್ಯಾನಿ ಮಾಡಿದ ಆರೋಪ, ಆ ಲೇಬಲ್ ಅದನ್ನು ಅಲ್ಲಗಳೆದಿದೆ.

ಕಂಪನಿಯ ವಾದ ಸರಳ. ಹಣ ಹೂಡಿದ್ದೇವೆ, ಗಳಿಕೆಯ ಪಾಲು ಕೊಟ್ಟಿದ್ದೇವೆ, ವೇದಿಕೆ ಒದಗಿಸಲು ಸಿದ್ಧರಿದ್ದೇವೆ. ಗೆದ್ದ ಕೂಡಲೇ ಎದ್ದು ಹೋಗಬಹುದಾದರೆ ಮುಂದೆ ಯಾರೂ ಹೂಡುವುದಿಲ್ಲ. ಹೊರಗಿನವರು ಬಂದು ಕಲಾವಿದರ ಕಿವಿಯೂದಿ ಎಬ್ಬಿಸಿಕೊಂಡು ಹೋಗುವುದನ್ನು ಅಲ್ಲಿ ಟ್ಯಾಂಪರಿಂಗ್ ಎನ್ನುತ್ತಾರೆ. 2025ರ ಫೆಬ್ರುವರಿಯಲ್ಲಿ ಕೊರಿಯಾದ ಐದು ಸಂಗೀತೋದ್ಯಮ ಸಂಘಗಳು ಒಟ್ಟಾಗಿ ಇದರ ವಿರುದ್ಧ ದನಿ ಎತ್ತಿದವು. ಅವರ ಭಯ ಸುಳ್ಳಲ್ಲ. 2023ರಲ್ಲಿ ಅಟ್ರಾಕ್ಟ್ ಎಂಬ ಚಿಕ್ಕ ಕಂಪನಿಯ ಫಿಫ್ಟಿ ಫಿಫ್ಟಿ ಗುಂಪು ಒಂದು ಹಾಡಿನಿಂದ ಬಿಲ್‌ಬೋರ್ಡ್ ಪಟ್ಟಿ ಹತ್ತಿದ ಬೆನ್ನಲ್ಲೇ ಕೋರ್ಟಿಗೆ ಹೋಯಿತು, ಸೋತಿತು. ಒಬ್ಬಾಕೆ ಮರಳಿದಳು, ಮೂವರ ಕರಾರನ್ನು ಕಂಪನಿಯೇ ಕಡಿಯಿತು. ಡೇನಿಯಲ್ ವಿಷಯದಲ್ಲಿ ಈಗ ನಡೆದದ್ದು ಆ ದಾರಿಯ ಮುಂದುವರಿಕೆ. ಕರಾರು ಊರ್ಜಿತ ಎಂದು ತೀರ್ಪು ಬಂದ ಮೇಲೆ, ಅದನ್ನು ಮುರಿದವರೆಂದು ಒಬ್ಬರನ್ನು ತೆಗೆಯುವ, ಪರಿಹಾರ ಕೇಳುವ ಹಕ್ಕು ಕಂಪನಿಗೆ ಸಿಗುತ್ತದೆ. ಮಾದರಿ ಕರಾರಿನಲ್ಲೇ ಅದರ ಸೂತ್ರವಿದೆ. ಹಿಂದಿನ ಎರಡು ವರ್ಷದ ಸರಾಸರಿ ತಿಂಗಳ ಗಳಿಕೆಯನ್ನು ಉಳಿದ ತಿಂಗಳುಗಳಿಂದ ಗುಣಿಸುವುದು. ಗುಂಪು ಎಷ್ಟು ಜನಪ್ರಿಯವೋ ಬಿಡುವ ಬೆಲೆಯೂ ಅಷ್ಟು ದುಬಾರಿ.

ನ್ಯಾಯಾಲಯಗಳು ಯಾವಾಗಲೂ ಕಂಪನಿಯ ಕಡೆಯೇ ಎಂದರೆ ತಪ್ಪಾಗುತ್ತದೆ. 2023ರ ಜನವರಿಯಲ್ಲಿ ಲೂನಾ ಗುಂಪಿನ ಹಲವರು ಹೊರಬರಲು ಗೆದ್ದರು. ದುಡಿದಷ್ಟೂ ಕಲಾವಿದರ ಲೆಕ್ಕದಲ್ಲಿ ಸಾಲವೇ ಏರುವಂಥ ಹಂಚಿಕೆ ಅಲ್ಲಿ ವಿವಾದದ ಕೇಂದ್ರವಾಗಿತ್ತು. ಅದೇ ತಿಂಗಳು, ಏಜೆನ್ಸಿಯ ದೌರ್ಜನ್ಯದ ದೂರು ಕೊಟ್ಟಿದ್ದ ಒಮೆಗಾ ಎಕ್ಸ್ ಹುಡುಗರಿಗೂ ತಡೆಯಾಜ್ಞೆ ಸಿಕ್ಕಿತು. ಹಣದ ಮೋಸ, ದೈಹಿಕ ಹಿಂಸೆ ಇಂಥವನ್ನು ಕೋರ್ಟ್ ತೂಗಬಲ್ಲದು. ನಮ್ಮ ಗುರುವನ್ನು ಕಿತ್ತುಹಾಕಿದರು, ನಮ್ಮನ್ನು ಅವಮಾನಿಸಿದರು ಎಂಬುದನ್ನು ತೂಗುವುದು ಕಷ್ಟ. ಮಿನ್ ಮುಖ್ಯಸ್ಥೆಯಾಗಿ ಇರಲೇಬೇಕೆಂದು ಕರಾರಿನಲ್ಲಿ ಬರೆದಿರಲಿಲ್ಲ. ತೀರ್ಪು ನಿಂತದ್ದು ಅಲ್ಲಿ. ಕಾನೂನಿನ ಲೆಕ್ಕದಲ್ಲಿ ಅದು ಸರಿ ಎಂದೇ ನನ್ನ ಅಭಿಪ್ರಾಯ.

ಕಾರ್ಮಿಕರೂ ಅಲ್ಲ, ಪಾಲುದಾರರೂ ಅಲ್ಲ

ತಪ್ಪಿರುವುದು ತೀರ್ಪಿನಲ್ಲಿ ಅಲ್ಲ, ತೀರ್ಪಿನ ಸುತ್ತಲಿನ ಖಾಲಿ ಜಾಗದಲ್ಲಿ. ಹ್ಯಾನಿ ದೂರಿನ ವಿಷಯದಲ್ಲಿ ಸಚಿವಾಲಯ ಕೊಟ್ಟ ಕಾರಣಗಳನ್ನು ನೋಡಿ. ಕಲಾವಿದರೂ ಕಂಪನಿಯೂ ಸಮಾನ ನೆಲೆಯಲ್ಲಿ ಕರಾರಿಗೆ ಸಹಿ ಹಾಕಿದ್ದಾರೆ. ನಿಗದಿತ ಕೆಲಸದ ವೇಳೆಯಿಲ್ಲ, ನಿಗದಿತ ಜಾಗವಿಲ್ಲ. ಪಡೆಯುವುದು ಸಂಬಳವಲ್ಲ, ಲಾಭದ ಪಾಲು. ಆದ್ದರಿಂದ ಕೆಲಸದ ಸ್ಥಳದ ಕಿರುಕುಳದ ನಿಯಮ ಅನ್ವಯಿಸದು.

ವಾಸ್ತವ ಏನು? ಎಷ್ಟು ಹೊತ್ತಿಗೆ ಏಳಬೇಕು, ಯಾವ ಮನೆಯಲ್ಲಿರಬೇಕು, ಯಾವ ಹಾಡು, ಯಾವ ಉಡುಪು, ಯಾವ ದೇಶಕ್ಕೆ ಯಾವ ದಿನ ಎಂಬುದೆಲ್ಲ ಬೇರೆಯವರ ನಿರ್ಧಾರ. ಕೂಲಿಯವನಿಗೂ ಇಷ್ಟು ಬಿಗಿ ಇರುವುದಿಲ್ಲ. ಪಾಲುದಾರನಾದರೆ ತನ್ನ ಪಾಲನ್ನು ಮಾರಿ ಎದ್ದುಹೋಗಬಹುದು, ಐಡಲ್‌ಗೆ ಅದೂ ಇಲ್ಲ. ನ್ಯೂಜೀನ್ಸ್ ಬಂದಾಗ ಹೇಯಿನ್‌ಗೆ 14 ವರ್ಷ. 14ರ ಹುಡುಗಿ ಮತ್ತು ಷೇರು ಮಾರುಕಟ್ಟೆಯ ಕಂಪನಿಯ ಅಂಗಸಂಸ್ಥೆ ಸಮಾನ ನೆಲೆಯಲ್ಲಿ ಸಹಿ ಹಾಕಿದರು ಎಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ಕೊರಿಯಾ ಸುಮ್ಮನೆ ಕೂತಿಲ್ಲ. 2014ರ ಕಾನೂನು 15 ತುಂಬದವರ ಕೆಲಸವನ್ನು ವಾರಕ್ಕೆ 35 ಗಂಟೆಗೆ, ಅದಕ್ಕಿಂತ ದೊಡ್ಡ ಅಪ್ರಾಪ್ತರದನ್ನು 40 ಗಂಟೆಗೆ ಮಿತಿಗೊಳಿಸಿದೆ, ರಾತ್ರಿ ಹತ್ತರ ನಂತರದ ಕೆಲಸಕ್ಕೆ ಕಟ್ಟುಪಾಡು ಹಾಕಿದೆ. ಆದರೆ ಅವಮಾನ, ಒತ್ತಡ, ಒಳಗಿನ ಕಿರುಕುಳದ ದೂರು ಹೊತ್ತು ಹೋಗಲು ಬಾಗಿಲಿಲ್ಲ. ಆ ಬಾಗಿಲು ಇದ್ದಿದ್ದರೆ ಹ್ಯಾನಿಯ ದೂರು ಅಲ್ಲೇ ವಿಚಾರಣೆಯಾಗುತ್ತಿತ್ತು. ಇಲ್ಲದ್ದರಿಂದ ಕರಾರನ್ನೇ ಮುರಿಯುವುದೊಂದೇ ಉಳಿದ ಅಸ್ತ್ರವಾಯಿತು. ಸಣ್ಣ ದೂರಿಗೆ ಸಣ್ಣ ಪರಿಹಾರ ಸಿಗದ ಕಡೆ ಪ್ರತಿ ಜಗಳವೂ ಮುರಿದುಬೀಳುವ ಜಗಳವೇ ಆಗುತ್ತದೆ.

ಮುಂದೆ ಏನಾಗಬಹುದು

ಕಂಪನಿಗಳಿಗೆ ಈ ತೀರ್ಪು ನೆಮ್ಮದಿ ತಂದಿದೆ. ಹೂಡಿಕೆದಾರರು ಏಳು ವರ್ಷವನ್ನು ಭದ್ರವೆಂದು ಲೆಕ್ಕ ಹಾಕಬಹುದು. ಮುಂದಿನ ಕರಾರುಗಳಲ್ಲಿ ಟ್ಯಾಂಪರಿಂಗ್ ವಿರುದ್ಧದ ಷರತ್ತು ಇನ್ನೂ ಬಿಗಿಯಾಗುವುದು ಬಹುತೇಕ ಖಚಿತ. ಇನ್ನೊಂದು ಕಡೆ, ಯಾವ ನಿರ್ಮಾಪಕರ ಕೈಕೆಳಗೆ ಕೆಲಸ ಮಾಡುತ್ತೇವೆ ಎಂಬುದನ್ನು ಕರಾರಿನಲ್ಲೇ ಬರೆಸಲು ಪೋಷಕರು ಪಟ್ಟು ಹಿಡಿಯಬಹುದು. ನ್ಯೂಜೀನ್ಸ್ ಸೋತದ್ದು ಆ ಸಾಲು ಇಲ್ಲದ ಕಾರಣಕ್ಕೆ ತಾನೆ.

ಕೆ-ಪಾಪ್‌ನ ರೂಪ ಕೊರಿಯಾವನ್ನು ಬಿಟ್ಟು ಹೊರಡುತ್ತಿರುವುದು ಇನ್ನೂ ದೊಡ್ಡ ಬದಲಾವಣೆ. 2025ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಅನಿಮೇಷನ್ ಚಿತ್ರವೊಂದರ ಕಾಲ್ಪನಿಕ ಕೆ-ಪಾಪ್ ಗುಂಪಿನ ಹಾಡು ಅಮೆರಿಕದ ಪಟ್ಟಿಯ ತುದಿ ಮುಟ್ಟಿತು. ಚಿತ್ರ ಮಾಡಿದ್ದು ಸೋನಿ. ಆ ಹಾಡನ್ನು ಬರೆದು ಹಾಡಿದವರಲ್ಲಿ ಒಬ್ಬರಾದ ಇಜೆ, ಎಸ್‌ಎಂನಲ್ಲಿ ವರ್ಷಗಟ್ಟಲೆ ಟ್ರೈನಿಯಾಗಿದ್ದು ಕೊನೆಗೂ ವೇದಿಕೆ ಸಿಗದೆ ಹೊರಬಂದವರು. ಸೋತವರ ಪಟ್ಟಿಯಲ್ಲಿ ಬರೆದಿಟ್ಟ ಹೆಸರಿನಿಂದ ಆ ವರ್ಷದ ದೊಡ್ಡ ಹಾಡು ಬಂದಿತೆಂದರೆ, ಯಾರು ಗೆಲ್ಲುತ್ತಾರೆಂದು ಆರಿಸುವ ಈ ಪದ್ಧತಿಯ ತಿಳಿವಳಿಕೆಯ ಬಗ್ಗೆಯೂ ಪ್ರಶ್ನೆ ಏಳಬೇಕು. ಹೈಬ್ ಸ್ವತಃ ಅಮೆರಿಕದ ಗೆಫೆನ್ ಎಂಬ ಸಂಗೀತ ಕಂಪನಿಯ ಜೊತೆ ಸೇರಿ ಕ್ಯಾಟ್ಸೈ ಎಂಬ ಬಹುರಾಷ್ಟ್ರೀಯ ಗುಂಪು ಕಟ್ಟಿದೆ. ಅದರಲ್ಲಿ ಭಾರತೀಯ ಮೂಲದ ಲಾರಾ ಇದ್ದಾರೆ.

ಕರಾರು ಭಾರತಕ್ಕೆ ಬಂದರೆ

2025ರ ಸೆಪ್ಟೆಂಬರ್‌ನಲ್ಲಿ ಹೈಬ್ ಮುಂಬೈಯಲ್ಲಿ ತನ್ನ ಭಾರತೀಯ ಘಟಕ ತೆರೆಯಿತು. ಒಡಿಶಾದ ರೂರ್ಕೆಲಾದ ಶ್ರೇಯಾ ಲೆಂಕಾ 2022ರಲ್ಲೇ ಬ್ಲ್ಯಾಕ್‌ಸ್ವಾನ್ ಎಂಬ ಕೆ-ಪಾಪ್ ಗುಂಪು ಸೇರಿದರು. ಬೆಂಗಳೂರಿನ ಕಾಲೇಜು ಹಬ್ಬಗಳಲ್ಲಿ ಕೆ-ಪಾಪ್ ನೃತ್ಯ ಗುಂಪುಗಳಿಗೆ ಕೊರತೆಯಿಲ್ಲ. ಆಡಿಷನ್ ಇಲ್ಲಿಗೂ ಬಂದರೆ, ಮನೆಯವರು ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ?

ನಮ್ಮ ಕಾನೂನು ಕೊರಿಯಾದ್ದಕ್ಕಿಂತ ಬೇರೆ. 1872ರ ಭಾರತೀಯ ಕರಾರು ಕಾಯಿದೆಯಡಿ 18 ತುಂಬದವರು ಮಾಡಿದ ಕರಾರು ಅಸಿಂಧು, ಇದನ್ನು 1903ರಲ್ಲಿ, ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಗಟ್ಟಿಗೊಳಿಸಿತು. ತಂದೆ ಸಹಿ ಹಾಕಿದರೆ ಸಾಕು ಎಂದುಕೊಳ್ಳುವಂತಿಲ್ಲ. 1940ರ ದಶಕದ ಕೊನೆಯಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಅಂಥದ್ದೇ ಪ್ರಕರಣ ಬಂದಿತ್ತು. ಅಪ್ರಾಪ್ತ ನಟಿಯ ಪರವಾಗಿ ತಂದೆ ಚಿತ್ರ ನಿರ್ಮಾಪಕರ ಜೊತೆ ಕರಾರು ಮಾಡಿಕೊಂಡಿದ್ದರು, ಪಾತ್ರ ಬೇರೆಯವರ ಪಾಲಾಯಿತು. ಕರಾರೇ ಊರ್ಜಿತವಲ್ಲ ಎಂಬ ಕಾರಣಕ್ಕೆ ಹುಡುಗಿಗೆ ಪರಿಹಾರ ಸಿಗಲಿಲ್ಲ. ಮಗುವನ್ನು ಕಟ್ಟಿಹಾಕದ ಕಾನೂನು ಮಗುವಿಗೆ ಬರಬೇಕಾದ್ದನ್ನೂ ಕೊಡಿಸಲಿಲ್ಲ.

ವಯಸ್ಕರ ವಿಷಯದಲ್ಲಿ, ವ್ಯಕ್ತಿಯ ಕೌಶಲವನ್ನೇ ನೆಚ್ಚಿದ ಸೇವೆಯನ್ನು ನಮ್ಮ ಕೋರ್ಟುಗಳು ಬಲವಂತವಾಗಿ ಮಾಡಿಸುವುದಿಲ್ಲ. ಕರಾರಿನ ಅವಧಿಯೊಳಗೆ ಬೇರೆಯವರಿಗೆ ದುಡಿಯಬೇಡ ಎಂದು ತಡೆಯಬಹುದು. ಅವಧಿ ಮುಗಿದ ಮೇಲೆ ಹಿಡಿದಿಡುವ ಷರತ್ತು ನಿಲ್ಲದು ಎಂದು ಕ್ರಿಕೆಟಿಗ ಜಹೀರ್ ಖಾನ್ ಮತ್ತು ಅವರ ಮ್ಯಾನೇಜ್‌ಮೆಂಟ್ ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ತರಬೇತಿಯ ಖರ್ಚನ್ನು ಬಾಂಡ್ ಮೂಲಕ ವಸೂಲು ಮಾಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ನಮ್ಮ ವಿಜಯಾ ಬ್ಯಾಂಕಿನ ನೌಕರರೊಬ್ಬರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಬಿಡುವ ಬೆಲೆ ಮೊದಲೇ ಗೊತ್ತಿತ್ತು, ದುಡಿದಂತೆ ಏರುತ್ತಿರಲಿಲ್ಲ. ಕೊರಿಯಾದ ಸೂತ್ರಕ್ಕೂ ಇದಕ್ಕೂ ಇರುವ ಅಂತರ ಅಷ್ಟೇ ಮುಖ್ಯ.

14 ತುಂಬದ ಬಾಲ ಕಲಾವಿದರಿಗೆ ದಿನಕ್ಕೆ ಐದು ಗಂಟೆಯ ಮಿತಿ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ಗಳಿಕೆಯ ಶೇ 20ನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡುವ ನಿಯಮ ಇಲ್ಲಿ ಈಗಾಗಲೇ ಇವೆ. ಚಿತ್ರೀಕರಣಕ್ಕೆಂದು ಬರೆದ ನಿಯಮಗಳವು. ವರ್ಷಗಟ್ಟಲೆ ನಡೆಯುವ, ಗಳಿಕೆಯೇ ಇಲ್ಲದ ಟ್ರೈನಿ ಜೀವನವನ್ನು ಬರೆದವರು ಊಹಿಸಿರಲಿಲ್ಲ. ಅದನ್ನು ಸೇರಿಸಲು ಆಡಿಷನ್ ಮುಗಿಯುವ ತನಕ ಕಾಯಬೇಕಿಲ್ಲ. ಅಲ್ಲಿಯವರೆಗೆ, ಕರಾರು ಕೈಗೆ ಬಂದ ಮನೆಯವರು ಸಹಿಗೆ ಮುಂಚೆ ವಕೀಲರ ಮುಂದಿಟ್ಟು ಮೂರು ಸಂಗತಿ ಕೇಳಲಿ. ತರಬೇತಿಯ ಖರ್ಚು ಯಾರ ಲೆಕ್ಕಕ್ಕೆ ಬರೆಯಲಾಗುತ್ತದೆ, ಬಿಡಬೇಕಾದರೆ ಎಷ್ಟು ಕಟ್ಟಬೇಕು, ಮತ್ತು ವ್ಯಾಜ್ಯವಾದರೆ ಯಾವ ದೇಶದ ಕೋರ್ಟಿಗೆ ಹೋಗಬೇಕು.